ಮಗನ ತೂಕದ ಬೆಲ್ಲ

ಕಲ್ಯಾಣದುರ್ಗದ ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಜಯರಾಮಪ್ಪನ ಮನೆಗೆ ಹೋದವರು ಕೈ ಮುಗಿಯುತ್ತಿದ್ದುದು ದೇವರ ಪಟಗಳಿಗೆ, ನೋಡುತ್ತಿದ್ದುದು ಮಾತ್ರ ಅವುಗಳ ನಡುವೆ ತೂಗುಹಾಕಿದ್ದ ಒಂದು ಫೋಟೋವನ್ನು. ಅದರಲ್ಲಿ ವರ್ಷ ತುಂಬಿದ ಒಂದು ಗಂಡುಮಗು ಬೆತ್ತಲೆ ಕೂತಿತ್ತು. ಅದಕ್ಕೆ ಕುತ್ತಿಗೆ ಇರಲಿಲ್ಲ. ಮುಂಗೈಯಲ್ಲಿ ಯಾರೋ ದಾರ ಬಿಗಿದು ಕಟ್ಟಿದ ಹಾಗೆ ಮಡಿಕೆಗಳಿದ್ದವು. ಕಾಲ ಬಳಿ ಒಂದು ಬೆಳ್ಳಿ ಬಟ್ಟಲು, ಒಂದು ಹಾಲಿನ ಪುಡಿಯ ಡಬ್ಬಿ. ಐವತ್ತನಾಲ್ಕನೇ ಇಸವಿಯಲ್ಲಿ ಹಿಂದೂಪುರದ ಮಹಿಳೆಯರು ಸೇರಿ ನಡೆಸಿದ ಶಿಶು ಪ್ರದರ್ಶನದಲ್ಲಿ ಅದಕ್ಕೆ ಮೊದಲನೇ ಬಹುಮಾನ ಬಂದಿತ್ತು.

ಆ ಮಗು ಕದಿರಪ್ಪ. ಅವನಿಗಿಂತ ಮುಂಚೆ ಜಯರಾಮಪ್ಪನ ಹೆಂಡತಿ ಶಿವಲಕ್ಷ್ಮಮ್ಮನಿಗೆ ಎರಡು ಮಕ್ಕಳು ಹುಟ್ಟಿ, ವರ್ಷ ತುಂಬುವುದರೊಳಗೆ ಕಡ್ಡಿಯಾಗಿ ಹೋಗಿದ್ದವು. ಮೂರನೆಯದು ಹುಟ್ಟಿದ ದಿನವೇ ಅವಳ ಅತ್ತೆ ಪೆದ್ದಮ್ಮ ಒಂದು ತೀರ್ಮಾನಕ್ಕೆ ಬಂದಳು: ಸಾವು ಬರುವುದು ತೆಳ್ಳಗಿರುವವರನ್ನು ಹುಡುಕಿಕೊಂಡು. ಪೆದ್ದಮ್ಮನ ಗಂಡ ಬಾಗಿಲಲ್ಲಿ ಹಿಡಿಸದಷ್ಟು ದಪ್ಪಗಿದ್ದು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು, ಐವತ್ತು ತುಂಬುವ ಮುಂಚೆಯೇ ಸತ್ತಿದ್ದ. ಅದನ್ನು ಅವಳು ಈ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಅದು ದಾಯಾದಿಗಳು ಮಾಡಿಸಿದ ಮಾಟ.

ಮಗು ಉಳಿದರೆ ಪ್ರತಿ ವರ್ಷ ಹುಟ್ಟಿದ ದಿನ ಅದರ ತೂಕದ ಬೆಲ್ಲವನ್ನು ಹಿಂದೂಪುರದ ವೆಂಕಟರಮಣನ ಗುಡಿಗೆ ಒಪ್ಪಿಸುವುದಾಗಿ ಹರಕೆಯಾಗಿತ್ತು. ಹಿಂದೂಪುರ ಶಿವಲಕ್ಷ್ಮಮ್ಮನ ತವರು. ಅಣ್ಣ ಕೊಂಡಪ್ಪನಿಗೆ ಅಲ್ಲಿ ಬೆಲ್ಲದ ಮಂಡಿ. ಹಾಗಾಗಿ ಬೆಲ್ಲ ಹೊಂದಿಸುವುದು ತವರಿನವರ ಪಾಲು, ಮಗುವನ್ನು ಮೇಯಿಸಿ ತೂಕ ಬರಿಸುವುದು ಗಂಡನ ಮನೆಯವರ ಪಾಲು. ವರ್ಷದಿಂದ ವರ್ಷಕ್ಕೆ ತಕ್ಕಡಿಗೆ ಬೆಲ್ಲದ ಅಚ್ಚುಗಳು ಹೆಚ್ಚುತ್ತಾ ಹೋದವು. ಕೊಂಡಪ್ಪನ ಹೆಂಡತಿ ಉಡುಸಲಮ್ಮ ಮೊದಲ ನಾಲ್ಕೈದು ವರ್ಷ ನಗುತ್ತಿದ್ದಳು, ಆಮೇಲೆ ನಗು ನಿಲ್ಲಿಸಿದಳು. ಪೆದ್ದಮ್ಮನಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

"ನನ್ನ ಬಂಗಾರು ಕೊಂಡ" ಅಂತ ಅವಳು ಮೊಮ್ಮಗನನ್ನು ತೆಲುಗಿನಲ್ಲಿ ಮುದ್ದಿಸುತ್ತಿದ್ದಳು. ಬಂಗಾರದ ಬೆಟ್ಟ. ಕದಿರಪ್ಪನಿಗೆ ಒಂಬತ್ತು ತುಂಬುವ ಹೊತ್ತಿಗೆ ಊರಿನ ಹುಡುಗರು ಬಂಗಾರವನ್ನು ಬಿಟ್ಟು ಬರೀ ಕೊಂಡ ಅನ್ನುತ್ತಿದ್ದರು.

ಕೊಂಡದ ದಿನಚರಿ ಹೀಗಿತ್ತು. ಎದ್ದ ಕೂಡಲೇ ಬೆಲ್ಲ ಹಾಕಿದ ಹಾಲು, ಜತೆಗೆ ಕಡ್ಲೆಕಾಯಿ ಉಂಡೆ. ಆಮೇಲೆ ಮಂಡಕ್ಕಿಯ ಉಗ್ಗಾನಿ, ಬಜ್ಜಿ. ಸ್ಕೂಲು ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದರೂ ಅಲ್ಲಿಗೆ ಎತ್ತಿನ ಗಾಡಿ. ಬಿಡುವಿನಲ್ಲಿ ಮನೆಯಿಂದ ಒಬ್ಬಟ್ಟಿನ ಡಬ್ಬಿ. ಮಧ್ಯಾಹ್ನ ಅನ್ನದ ಮೇಲೆ ತುಪ್ಪವಲ್ಲ, ತುಪ್ಪದ ಕೆಳಗೆ ಅನ್ನ. ಸಂಜೆ ಅಪ್ಪನ ಮಿಲ್ಲಿಗೆ ಹೋದರೆ ಗುಮಾಸ್ತ ಹುರಿದ ಕಡ್ಲೆಬೀಜ ಕೊಡುತ್ತಿದ್ದ. ಮಿಲ್ಲಿಗೆ ಎಣ್ಣೆ ಕೊಳ್ಳಲು ಬಂದ ವ್ಯಾಪಾರಿಗಳು ಸಾಹುಕಾರನ ಮಗನ ಕೈಗೆ ಮಿಠಾಯಿ ಇಡದೆ ವ್ಯಾಪಾರ ಶುರು ಮಾಡುತ್ತಿರಲಿಲ್ಲ. ಇಡೀ ಕಲ್ಯಾಣದುರ್ಗದಲ್ಲಿ ಆ ಹುಡುಗನಿಗೆ ಏನನ್ನೂ ಕೊಡದೆ ಹೋದ ಮನುಷ್ಯನೆಂದರೆ ಲೆಕ್ಕದ ಮೇಷ್ಟ್ರು ಒಬ್ಬರೇ. ಅವರು ಮಾರ್ಕನ್ನೂ ಕೊಡುತ್ತಿರಲಿಲ್ಲ.

"ಕಡ್ಲೆಕಾಯಿ ಎಣ್ಣೆ ಮಾರೋನ ಮಗ ಬಡಕಲಾಗಿದ್ರೆ ಎಣ್ಣೆ ಯಾರು ತಗಂತಾರೆ?" ಅನ್ನುವುದು ಜಯರಾಮಪ್ಪನ ತತ್ವ. ಅವನು ಮೃದು ಸ್ವಭಾವದವನು. ತನ್ನ ಅಮ್ಮ ಹೇಳಿದ್ದನ್ನೇ ತಾನೂ ಯೋಚಿಸಿದ್ದು ಅಂದುಕೊಂಡು ನಲವತ್ತು ವರ್ಷ ಸುಖವಾಗಿ ಕಳೆದಿದ್ದ.

ಒಂದು ಮಧ್ಯಾಹ್ನ ಶಿವಲಕ್ಷ್ಮಮ್ಮ ಜಗುಲಿಗೆ ಬಂದಾಗ ಕದಿರಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಬುಗುರಿ ಕೈ ಜಾರಿ ಕೆಳಗೆ ಬಿದ್ದಿತ್ತು. ಅವನು ಬಗ್ಗಿ ನೋಡಿದ, ಹೊಟ್ಟೆ ಅಡ್ಡ ಬಂತು. ಎದ್ದು ಎರಡು ಮೆಟ್ಟಿಲು ಇಳಿದ, ಬುಗುರಿ ಎತ್ತಿಕೊಂಡ, ಮತ್ತೆ ಎರಡು ಮೆಟ್ಟಿಲು ಹತ್ತಿ ಕೂತು ಬಾಯಿ ತೆರೆದು ಉಸಿರೆಳೆದುಕೊಳ್ಳತೊಡಗಿದ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನಾಯ್ತಲಾ?"

"ಏನಿಲ್ಲಮ್ಮ. ಎದೆಯೊಳಗೆ ಮಿಲ್ಲು ಓಡ್ತೈತೆ. ಕೂತ್ಕಂಡ್ರೆ ನಿಂತೋಯ್ತದೆ."

"ದಿನಾ ಓಡ್ತದಾ?"

"ಹೂಂ. ಎಲ್ರಿಗೂ ಓಡಲ್ವಾ?"

ಶಿವಲಕ್ಷ್ಮಮ್ಮ ಆ ವಾರವೇ ಮಗನನ್ನು ಹಿಂದೂಪುರಕ್ಕೆ ಕರೆದುಕೊಂಡು ಹೊರಟಳು. ಪೆದ್ದಮ್ಮನೂ ಹೊರಟಳು, ಒಂದು ಬುತ್ತಿಯ ಗಂಟಿನ ಜತೆ.

ಡಾಕ್ಟರ್ ನರಸಿಂಹಯ್ಯ ಹಿಂದೂಪುರದ ಹಳೇ ಡಾಕ್ಟರು. ಹುಡುಗನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಮುಳ್ಳು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಳಕ್ಕೆ ಬಾಗಿ ಒಂದಕ್ಕೊಂದು ಉಜ್ಜುತ್ತಿದ್ದ ಮೊಣಕಾಲು ಮುಟ್ಟಿದರು. ಕತ್ತಿನ ಹಿಂದೆ ಕಪ್ಪು ಪಟ್ಟೆಯಿತ್ತು. ಪೆದ್ದಮ್ಮ ಅದನ್ನು ಕೊಳೆ ಅಂತ ವಾರವಾರ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿ, "ಇವನ ತಾತನಿಗೆ ಏನಾಗಿತ್ತು?" ಅಂದರು.

"ಮಾಟ," ಅಂದಳು ಪೆದ್ದಮ್ಮ.

"ಸಕ್ಕರೆ ಕಾಯಿಲೆ," ಅಂದಳು ಶಿವಲಕ್ಷ್ಮಮ್ಮ.

ಡಾಕ್ಟರು ನಗಲಿಲ್ಲ. "ನೋಡಮ್ಮ, ಇದು ಹತ್ತು ವರ್ಷದ ಎಲುಬು. ಮೂವತ್ತು ವರ್ಷದವನ ಮೈ ಹೊತ್ಕೊಂಡು ಓಡಾಡ್ತಿದೆ. ಈಗ ಉಸಿರು, ಮೊಣಕಾಲು. ಹೀಗೇ ಬಿಟ್ರೆ ಮೀಸೆ ಬರೋ ವಯಸ್ಸಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ. ಆಮೇಲೆ ಗುಂಡಿಗೆ. ತಾತನಷ್ಟು ದಿನವೂ ಬರಲ್ಲ."

"ಅದಕ್ಕೇ ಒಂದು ಟಾನಿಕ್ಕು ಬರ್ಕೊಡಿ ಸೋಮಿ," ಅಂದಳು ಪೆದ್ದಮ್ಮ. "ಮಗ ನಿಶ್ಶಕ್ತಿಯಾಗವ್ನೆ."

"ನಿಶ್ಶಕ್ತಿ ಅಲ್ಲಮ್ಮ, ಅತಿ ಶಕ್ತಿ! ಬೆಲ್ಲ, ಎಣ್ಣೆ, ತುಪ್ಪ ಬಿಡಿಸಿ. ರಾಗಿ ಮುದ್ದೆ, ಸೊಪ್ಪು, ಬೇಳೆ, ಮಜ್ಜಿಗೆ ಕೊಡಿ. ಉಪವಾಸ ಕೆಡವಬೇಡಿ, ಬೆಳೆಯೋ ಹುಡುಗ. ಗಾಡಿ ಬಿಡಿಸಿ, ನಡೆಸಿ, ಓಡಿಸಿ, ಬೇರೆ ಹುಡುಗರ ಜತೆ ಆಡೋಕೆ ಬಿಡಿ. ಇಷ್ಟೇ ಔಷಧಿ. ಅವನು ತಿಂತಿರೋದು ಅವನ ಹಸಿವಿಗಲ್ಲ, ನಿಮ್ಮ ಭಯಕ್ಕೆ."

ಪೆದ್ದಮ್ಮ ಸೆರಗು ಸರಿಮಾಡಿಕೊಂಡಳು. "ಸೋಮಿ, ಐವತ್ತನಾಲ್ಕರಾಗೆ ಇದೇ ಮಗೀಗೆ ದಪ್ಪಗವ್ನೆ ಅಂತ ಬೆಳ್ಳಿ ಬಟ್ಲು ಕೊಟ್ಟೋರು ಯಾರು? ನೀವೇ ಅಲ್ವಾ?"

ಆವತ್ತು ಡಾಕ್ಟರ ಮುಂದೆ ಸಾಲಾಗಿ ಕೂರಿಸಿದ್ದ ಕೂಸುಗಳಲ್ಲಿ ಮುಕ್ಕಾಲು ಪಾಲು ಕಡ್ಡಿ ಕಾಲಿನವು, ಗುಡಾಣ ಹೊಟ್ಟೆಯವು. ಯಾರಿಗಾದರೂ ಕೊಡಲೇಬೇಕಾಗಿತ್ತು, ಪ್ರದರ್ಶನದ ಕಾರ್ಯದರ್ಶಿಯಮ್ಮ ತಕ್ಕಡಿ ತರಿಸಿದ್ದರು, ಹೆಚ್ಚು ತೂಗಿದ್ದಕ್ಕೆ ಕೊಟ್ಟಿದ್ದಾಯಿತು. "ನಾನೇ," ಅಂದರು ಡಾಕ್ಟರು. "ತಪ್ಪಾಯ್ತು. ಬೇಕಾದ್ರೆ ಬಟ್ಲು ವಾಪಸು ತಂದ್ಕೊಡಿ."

ಪೆದ್ದಮ್ಮ ಹೊರಗೆ ಬಂದವಳೇ ಡಾಕ್ಟರಿಗೆ ತಲೆ ಕೆಟ್ಟಿದೆ ಅಂದಳು. ವಾಪಸು ಬರುವಾಗ ಸೋಮಂದೇಪಲ್ಲಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೈ ಚಾಚಿ ಬೋಂಡ ಕೊಂಡಳು.

"ಅತ್ತೆಮ್ಮ, ಡಾಕ್ಟರು ಈಗಿನ್ನೂ..."

"ಬಸ್ನಾಗೆ ತಿಂದಿದ್ದು ಮೈಗೆ ಹತ್ತಲ್ಲ ಸುಮ್ಕಿರಮ್ಮಿ. ಎಲ್ಲಾ ಕುಲುಕಾಡಿ ಹೋಯ್ತದೆ."

ಶಿವಲಕ್ಷ್ಮಮ್ಮ ಮನೆಯಲ್ಲಿ ತಿಂಗಳು ಗುದ್ದಾಡಿದಳು. ಅವಳು ಮುದ್ದೆ ಬಡಿಸಿ ಒಳಗೆ ಹೋದರೆ, ಬರುವಷ್ಟರಲ್ಲಿ ಮುದ್ದೆ ಎಮ್ಮೆಯ ಬಾನಿಯಲ್ಲಿರುತ್ತಿತ್ತು, ಮಗನ ಬಾಯಿ ತುಪ್ಪದಿಂದ ಹೊಳೆಯುತ್ತಿತ್ತು. ಬೆಲ್ಲದ ಡಬ್ಬಿಗೆ ಬೀಗ ಹಾಕಿದರೆ ಪೆದ್ದಮ್ಮ ಅಂಗಡಿಯಿಂದ ತರಿಸುತ್ತಿದ್ದಳು. ಗಾಡಿ ಬಿಡಿಸಿದರೆ ಜಯರಾಮಪ್ಪ ಮಿಲ್ಲಿನ ಆಳಿನ ಹೆಗಲ ಮೇಲೆ ಕೂರಿಸಿ ಕಳಿಸುತ್ತಿದ್ದ. ಆ ಆಳಿಗೆ ಆಮೇಲೆ ವಾರ ಸೊಂಟ ಹಿಡಿಯಿತು. ಪಕ್ಕದ ಮನೆಯವರು ಬಂದು, "ಪಾಪ, ಸೊಸೆಗೆ ಮಗನ ಮೇಲೆ ಯಾಕಿಂಗೆ ಹೊಟ್ಟೆಯುರಿ?" ಅಂತ ಪೆದ್ದಮ್ಮನನ್ನು ಕೇಳಿ ಹೋದರು.

ಡಾಕ್ಟರ ಮಾತು ಈ ಮನೆಯ ಹೊಸಿಲು ದಾಟುವುದಿಲ್ಲ ಅಂತ ಶಿವಲಕ್ಷ್ಮಮ್ಮನಿಗೆ ಖಾತ್ರಿಯಾಯಿತು. ಇಲ್ಲಿ ಯಾರ ಮಾತು ನಡೆಯುತ್ತದೆ ಅಂತ ಯೋಚಿಸಿದಳು. ಪೆದ್ದಮ್ಮನಿಗಿಂತ ಮೇಲಿನವನು ಆ ಮನೆಯಲ್ಲಿ ಒಬ್ಬನೇ ಇದ್ದ, ಅವನು ಪಟದಲ್ಲಿದ್ದ.

ಆ ಕಡೆ ವೆಂಕಟರಮಣನ ಒಕ್ಕಲಿನ ಮನೆಗಳಲ್ಲಿ ಶ್ರಾವಣ ಶನಿವಾರಗಳಂದು ಗಂಡುಮಕ್ಕಳಿಗೆ ನಾಮ ಹಾಕಿ ಭಿಕ್ಷೆಗೆ ಕಳಿಸುತ್ತಾರೆ. ಎಷ್ಟೇ ಸಾಹುಕಾರರ ಮಗನಾದರೂ ನಾಲ್ಕು ಮನೆಯ ಬಾಗಿಲಲ್ಲಿ ನಿಂತು ಗೋವಿಂದಾ ಅನ್ನಬೇಕು, ಅವರು ಹಾಕಿದ ಹಿಡಿ ಅಕ್ಕಿ ತರಬೇಕು. ಶ್ರಾವಣ ಹುಟ್ಟುವ ಹಿಂದಿನ ದಿನ ಶಿವಲಕ್ಷ್ಮಮ್ಮ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಅತ್ತೆಯ ಮುಂದೆ ನಿಂತಳು.

"ಅತ್ತೆಮ್ಮ, ಸ್ವಾಮಿ ಕನಸಿಗೆ ಬಂದಿದ್ದ."

ಪೆದ್ದಮ್ಮ ಎಲೆ ಅಡಿಕೆ ಪಕ್ಕಕ್ಕಿಟ್ಟಳು. "ಏನಂದ?"

"ಈ ಸಾರಿ ಶನಿವಾರ ಮಾತ್ರ ಸಾಲ್ದಂತೆ. ತಿಂಗಳು ಪೂರ್ತಿ, ದಿನಾ ಮಧ್ಯಾಹ್ನ. ಅಕ್ಕಿ ಬೇಡ್ವಂತೆ, ಬೇಯಿಸಿದ್ದೇ ಬೇಕಂತೆ. ಮಿಲ್ಲಿನಾಚೆ ಕೂಲಿಯೋರ ಕೇರಿಗೆ ಬರಿಗಾಲಲ್ಲಿ ಹೋಗಿ, ಅವ್ರು ಹಾಕಿದ್ದನ್ನೇ ಮಗ ಉಣ್ಬೇಕಂತೆ. ಮನೇಲಿ ಮಧ್ಯಾಹ್ನ ಏನೂ ಮುಟ್ಟಂಗಿಲ್ವಂತೆ."

"ಕೂಲಿಯೋರ ಮುದ್ದೇನಾ? ನನ್ನ ಮಗೀಗಾ?"

"ನಾನೂ ಹಂಗೇ ಕೇಳ್ದೆ ಅತ್ತೆಮ್ಮ. ಕೊಟ್ಟೋನು ನಾನು, ನೀನ್ಯಾವಳೇ ಕೇಳಕ್ಕೆ ಅಂದ."

ದೇವರ ಹೆಸರಿನಲ್ಲಿ ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಪೆದ್ದಮ್ಮ ಎರಡೂ ಕೆನ್ನೆಗೆ ಬಡಿದುಕೊಂಡು ಒಪ್ಪಿದಳು.

ಮೊದಲನೇ ದಿನ ಕದಿರಪ್ಪ ನಾಮ ಹಾಕಿಕೊಂಡು ಹಿತ್ತಾಳೆ ಬೋಗುಣಿ ಹಿಡಿದು ಹೊರಟಾಗ ಅವನ ಹಿಂದೆ ಒಬ್ಬ ಆಳು ಕೊಡೆ ಹಿಡಿದಿದ್ದ, ಇನ್ನೊಬ್ಬ ಕುರ್ಚಿ ಹೊತ್ತಿದ್ದ. ಮಾರನೇ ಬೆಳಗ್ಗೆ ವೆಂಕಟರಮಣ ಮತ್ತೆ ಶಿವಲಕ್ಷ್ಮಮ್ಮನ ಕನಸಿಗೆ ಬಂದು ಕೊಡೆಯೂ ಬೇಡ, ಕುರ್ಚಿಯೂ ಬೇಡ ಅಂದ. ಆ ತಿಂಗಳು ಅವನಿಗೆ ತಿರುಪತಿಯಲ್ಲಿ ಅಷ್ಟು ಕೆಲಸವಿದ್ದಂತೆ ಕಾಣಲಿಲ್ಲ.

ಹುಡುಗ ಮೈಲಿ ದೂರದ ಕೇರಿಗೆ ಕೂತು ಕೂತು ಹೋದ, ಕೂತು ಕೂತು ಬಂದ. ಶಿವಲಕ್ಷ್ಮಮ್ಮ ಮನಸ್ಸಿನಲ್ಲೇ ಡಾಕ್ಟರಿಗೆ ಕೈ ಮುಗಿದಳು. ಮುದ್ದೆ, ಸೊಪ್ಪಿನ ಸಾರು, ನಡಿಗೆ: ಹೇಳಿದ್ದೆಲ್ಲಾ ಆಯಿತು. ಆದರೆ ಎರಡನೇ ವಾರದಲ್ಲಿ ಮಗನ ಚಡ್ಡಿಯ ಗುಂಡಿ ಕಿತ್ತು ಬಂತು. ಹೊಲಿಯಲು ಕೂತವಳಿಗೆ ಗುಂಡಿ ಹಳೇ ಜಾಗಕ್ಕೆ ಎಟುಕುವುದಿಲ್ಲ ಅಂತ ಗೊತ್ತಾಯಿತು.

"ಕೇರೀಲಿ ಏನು ಹಾಕ್ತಾರಲಾ ನಿಂಗೆ?"

"ಅನ್ನ, ತುಪ್ಪ. ನೆನ್ನೆ ಒಬ್ಬಟ್ಟು. ಈರಕ್ಕನ ಮನೇಲಿ ಪಾಯಸ." ಅವನು ಸ್ವಲ್ಪ ಯೋಚಿಸಿ ಸೇರಿಸಿದ: "ನಮ್ಮನೇದಕ್ಕಿಂತ ಬೆಲ್ಲ ಜಾಸ್ತಿ."

ಶಿವಲಕ್ಷ್ಮಮ್ಮ ಆ ಸಂಜೆಯೇ ಕೇರಿಗೆ ಹೋದಳು. ಈರಕ್ಕ ಮಿಲ್ಲಿನಲ್ಲಿ ಕಾಯಿ ಸುಲಿಯುವ ಹೆಂಗಸು. ಸಾಹುಕಾರನ ಹೆಂಡತಿ ಬಾಗಿಲಿಗೆ ಬಂದದ್ದು ನೋಡಿ ಚಾಪೆ ಕೊಡವಿ ಹಾಸಿದಳು.

"ಈರಕ್ಕ, ನಮ್ಮ ಹುಡುಗಂಗೆ ನೀವು ಉಣ್ಣೋದನ್ನೇ ಹಾಕ್ರಮ್ಮ. ಮುದ್ದೆ, ಅಂಬಲಿ."

ಈರಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು. "ನಾವೇನು ತಪ್ಪು ಮಾಡಿದ್ವವ್ವಾ? ಪಾಯ್ಸ ಚೆನ್ನಾಗಿರ್ನಿಲ್ವಾ?"

"ಚೆನ್ನಾಗೈತೆ ಕಣೆ. ಅದಕ್ಕೇ ಬೇಡ ಅಂದಿದ್ದು."

"ಧಣೇರ ಮಗ, ನಾಮ ಹಾಕ್ಕಂಡು ಬಾಗ್ಲಿಗೆ ಬಂದು ಗೋವಿಂದಾ ಅಂದ್ರೆ ಮುದ್ದೆ ಹಾಕಾಕಾಯ್ತದಾ? ನಾನು ಮುದ್ದೆ ಹಾಕ್ದೆ, ಪಕ್ಕದ್ಮನೆ ಬೀರಕ್ಕ ಒಬ್ಬಟ್ಟು ಹಾಕಿದ್ಲು ಅನ್ನಿ. ನಾಳೀಕೆ ಮಿಲ್ಲಿನಾಗೆ ಕೆಲ್ಸ ಯಾರಿಗೆ ಇರ್ತದೆ?"

"ನಾನೇ ಹೇಳ್ತಿದೀನಲ್ಲ, ಮುದ್ದೆ ಹಾಕು ಅಂತ."

"ದೊಡ್ಡೋರು ಹಂಗೇ ಹೇಳಾದು ಕಣವ್ವ," ಅಂದಳು ಈರಕ್ಕ, ಮಗುವಿಗೆ ಸಮಾಧಾನ ಮಾಡುವವಳ ಹಾಗೆ. "ನಮಗೆ ಗೊತ್ತಾಗಲ್ವಾ?"

ಗುಡಿಸಿಲಿನ ಗೋಡೆಗೆ ಒರಗಿ ಮೂರು ಮಕ್ಕಳು ನಿಂತಿದ್ದವು. ಮೊಣಕಾಲು ತೊಡೆಗಿಂತ ದಪ್ಪಗಿತ್ತು. ದೊಡ್ಡವನು ದಾಸಣ್ಣ, ಕದಿರಪ್ಪನ ವಯಸ್ಸಿನವನೇ, ಒಳಗಿದ್ದ ಪಾಯಸದ ಮಡಕೆಯನ್ನೇ ನೋಡುತ್ತಿದ್ದ. ಮಡಕೆ ತೊಳೆದು ಬೋರಲು ಹಾಕಿತ್ತು. ತನ್ನ ವೆಂಕಟರಮಣ ಯಾರ ಅನ್ನವನ್ನು ಬೋಗುಣಿಗೆ ಹಾಕಿಸುತ್ತಿದ್ದಾನೆ ಅಂತ ಶಿವಲಕ್ಷ್ಮಮ್ಮನಿಗೆ ಆಗ ತಿಳಿಯಿತು. ಅವಳಿಗೆ ನಾಚಿಕೆಯಾಯಿತು. ಆದರೆ ಏನು ಮಾಡಬೇಕೋ ತೋಚಲಿಲ್ಲ. ಮಾರನೇ ದಿನ ಕೇರಿಗೆ ಮನೆಯಿಂದ ಎರಡು ಮೂಟೆ ರಾಗಿ ಕಳಿಸಿದಳು. ಸಾಹುಕಾರಮ್ಮನಿಗೆ ಒಬ್ಬಟ್ಟು ಹಿಡಿಸಿದೆ ಅಂತ ಕೇರಿ ಅರ್ಥ ಮಾಡಿಕೊಂಡು ರಾಗಿ ಮಾರಿ ಅಕ್ಕಿ ತಂದಿತು.

ಅವಳು ಕನಸು ವಾಪಸು ತೆಗೆದುಕೊಳ್ಳುವುದು ಹೇಗೆ ಅಂತ ಯೋಚಿಸುತ್ತಿದ್ದಾಗಲೇ ಒಂದು ದಿನ ಕದಿರಪ್ಪ ತಡವಾಗಿ ಬಂದ. ನಾಮ ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿದಿತ್ತು. ಮೊಣಕಾಲು ತರಚಿತ್ತು. ಬೋಗುಣಿ ಖಾಲಿ.

"ಅಮ್ಮ," ಅಂದ ಅವನು, ವಿಚಿತ್ರವಾದದ್ದೇನೋ ಕಂಡವನ ಹಾಗೆ, "ಹೊಟ್ಟೆಯೊಳಗೆ ಏನೋ ಕೆರೀತೈತೆ."

"ಹಸಿವು ಕಣಲಾ ಅದು," ಅಂದಳು ಶಿವಲಕ್ಷ್ಮಮ್ಮ. ಒಂಬತ್ತು ವರ್ಷದಲ್ಲಿ ಅವನಿಗೆ ಅದರ ಪರಿಚಯವಾಗಿದ್ದು ಅವತ್ತೇ. "ಹಾಕಿದ್ದೆಲ್ಲಾ ಏನು ಮಾಡ್ದೆ?"

"ಆಟಕ್ಕೆ ಕೊಟ್ಟೆ."

ಕೇರಿಯ ಹುಡುಗರು ಬೇವಿನ ಮರದ ಕೆಳಗೆ ಚಿನ್ನಿದಾಂಡು ಆಡುತ್ತಿದ್ದರು. ನನ್ನನ್ನೂ ಸೇರಿಸಿಕೊಳ್ಳಿ ಅಂತ ಇವನು ಕೇಳಿದ. "ಕೊಂಡ ಓಡಾಕಾಯ್ತದಾ?" ಅಂತ ದಾಸಣ್ಣ ಕೇಳಿದ. ಆಮೇಲೆ ಬೋಗುಣಿಯ ಕಡೆ ನೋಡಿ, ಅದನ್ನು ಕೊಟ್ಟರೆ ಸೇರಿಸಿಕೊಳ್ಳುತ್ತೇವೆ ಅಂದ. ಬೋಗುಣಿ ಮರದ ಕೆಳಗೆ ಒಂದು ಸುತ್ತು ಬಂದು ಖಾಲಿಯಾಯಿತು. ಕದಿರಪ್ಪನಿಗೆ ದಾಂಡು ಕೊಡಲಿಲ್ಲ. ಚಿನ್ನಿ ಬಿದ್ದ ಕಡೆಯಿಂದ ಎತ್ತಿ ತರುವ ಕೆಲಸ ಕೊಟ್ಟರು. ಹತ್ತು ಮಾರು ಹೋಗಿ ಕೂತ, ಎಬ್ಬಿಸಿದರು, ಮತ್ತೆ ಹೋದ. ಎಣ್ಣೆ ಮಿಲ್ಲಿನ ಏಕಮಾತ್ರ ವಾರಸುದಾರ ಕೂಲಿಯವರ ಮಕ್ಕಳಿಗೆ ಚಿನ್ನಿ ಹೆಕ್ಕಿ ಕೊಡುವ ಆಳಾಗಿ, ಅದಕ್ಕೆ ತಾನೇ ಸಂಬಳವನ್ನೂ ಕೊಟ್ಟು, ಜನ್ಮದಲ್ಲೇ ಮೊದಲ ಬಾರಿ ಖುಷಿಯಾಗಿ ಮನೆಗೆ ಬಂದಿದ್ದ.

"ಅಜ್ಜಿ ಕೇಳಿದ್ರೆ ಏನಂತೀಯ?"

"ಎಲ್ಲಾ ಖಾಲಿಯಾಯ್ತು ಅಂತೀನಿ."

ಅದರಲ್ಲಿ ಸುಳ್ಳೇನಿರಲಿಲ್ಲ. ಪೆದ್ದಮ್ಮ ಖಾಲಿ ಬೋಗುಣಿ ನೋಡಿ ದಿನಾ ಸಂತೋಷಪಟ್ಟಳು. ಶಿವಲಕ್ಷ್ಮಮ್ಮ ಕೊಟ್ಟಿಗೆಯ ಮರೆಯಲ್ಲಿ ಮಗನಿಗೆ ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಅವನು ಉಂಡು ತಟ್ಟೆ ನೆಕ್ಕುತ್ತಿದ್ದ. ಶ್ರಾವಣ ಮುಗಿಯಿತು, ಸ್ವಾಮಿ ಕನಸಿಗೆ ಬಂದು ಕಾರ್ತೀಕದ ತನಕ ಮುಂದುವರಿಸಲು ಹೇಳಿದ. ಸ್ಕೂಲಿದ್ದ ದಿನ ಸಂಜೆಗೆ ಬದಲಾಯಿಸಿಕೊಳ್ಳಲು ಸ್ವಾಮಿಯ ಅಭ್ಯಂತರವೇನೂ ಇರಲಿಲ್ಲ.

ಕಾರ್ತೀಕದ ಹೊತ್ತಿಗೆ ದಾಸಣ್ಣನ ಕೆನ್ನೆ ಸ್ವಲ್ಪ ತುಂಬಿಕೊಂಡಿತು, ಕದಿರಪ್ಪನಿಗೆ ಕುತ್ತಿಗೆಯಂತಹದ್ದೊಂದು ಹುಟ್ಟಿತು. ಜಗುಲಿಯ ಮೆಟ್ಟಿಲನ್ನು ಅವನು ಕೂರದೆ ಹತ್ತುತ್ತಿದ್ದ. ಎದೆಯೊಳಗಿನ ಮಿಲ್ಲಿನ ಬಗ್ಗೆ ಕೇಳಿದರೆ, "ಓಡ್ತೈತೆ, ಆದ್ರೆ ಲೋಡು ಕಮ್ಮಿ" ಅನ್ನುತ್ತಿದ್ದ.

ಪೆದ್ದಮ್ಮನಿಗೆ ಕಣ್ಣು ಮಂಜಾಗಿತ್ತು, ಕೈ ಮಂಜಾಗಿರಲಿಲ್ಲ. ಒಂದು ಶನಿವಾರ ಎಣ್ಣೆ ಒತ್ತಲು ಮೊಮ್ಮಗನನ್ನು ಕೂರಿಸಿಕೊಂಡವಳು ಚೀರಿದಳು.

"ಎಲುಬು! ಲಕ್ಷ್ಮೀ, ಬಾರೇ ಇಲ್ಲಿ! ಮಗೀಗೆ ಎಲುಬು ಸಿಗ್ತಾ ಐತೆ!"

"ಎಲ್ರಿಗೂ ಇರ್ತದೆ ಅತ್ತೆಮ್ಮ."

"ನನ್ನ ಮಗೀಗೆ ಇರ್ನಿಲ್ಲ!" ಪೆದ್ದಮ್ಮ ಎಣ್ಣೆ ಬಟ್ಟಲು ಪಕ್ಕಕ್ಕೆ ತಳ್ಳಿದಳು. "ಕೇಳಿಲ್ಲಿ. ಇನ್ನೇನು ಹುಟ್ಟಿದ್ದಿನ ಬಂತು. ಹಿಂದೂಪುರದ ತಕ್ಕಡೀಲಿ ಹೋದ್ವರ್ಷಕ್ಕಿಂತ ಒಂದು ಅಚ್ಚು ಕಮ್ಮಿ ಬರ್ಲಿ. ಅಲ್ಲಿಗೆ ನಿನ್ನ ಕನಸು, ಹರಕೆ ಎಲ್ಲಾ ಬಂದ್ ಮಾಡ್ಬುಡ್ತೀನಿ. ಮಗೀನ ನನ್ನ ಕೈಗೆ ಕೊಟ್ಬುಡು. ಹೋದ ಎಲ್ಡು ಸಾಲ್ದೇನೇ ನಿಂಗೆ?"

ಆ ಎರಡು ಹೋಗಿದ್ದು ತೆಳ್ಳಗಿದ್ದುದಕ್ಕಲ್ಲ, ವಾಂತಿ ಭೇದಿಗೆ ಅಂತ ಶಿವಲಕ್ಷ್ಮಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳೂ ಒಂಬತ್ತು ವರ್ಷ ಬೆಲ್ಲ ಕಲಸಿದ್ದಳು.

ಉಳಿದ ದಿನಗಳಲ್ಲಿ ಅವಳಿಗೆ ಬರೀ ತಕ್ಕಡಿಯದೇ ಯೋಚನೆ. ತಕ್ಕಡಿ ಏರಿಸುವ ಮುಂಚೆ ಮಗನಿಗೆ ಹೊಟ್ಟೆ ತುಂಬಾ ನೀರು ಕುಡಿಸಿದರೆ ಹೇಗೆ ಅಂದುಕೊಂಡಳು. ಉಡಿದಾರಕ್ಕೆ ಸೀಸದ ಗುಂಡು ಪೋಣಿಸಿದರೆ? ದೇವರ ಹೆಸರಿನಲ್ಲಿ ಅಷ್ಟು ಸುಳ್ಳು ಹೇಳಿದವಳಿಗೆ ದೇವರ ಎದುರಿಗೆ ಮೋಸ ಮಾಡಲು ಯಾಕೋ ಧೈರ್ಯ ಬರಲಿಲ್ಲ.

ಹಿಂದೂಪುರದಲ್ಲಿ ಅದು ಹೊಸ ಬೆಲ್ಲದ ಕಾಲ. ಪೇಟೆಗೆಲ್ಲಾ ಪಾಕದ ವಾಸನೆ. ಕೊಂಡಪ್ಪ ಮಂಡಿಯ ದೊಡ್ಡ ತಕ್ಕಡಿಯನ್ನು ಗುಡಿಯ ಅಂಗಳಕ್ಕೆ ತರಿಸಿ ಮೂರು ಮರದ ಕಾಲು ನಿಲ್ಲಿಸಿ ಕಟ್ಟಿಸಿದ್ದ. ಮರ್ಯಾದೆಯ ಮನುಷ್ಯ; ಹೋದ ವರ್ಷದ್ದಕ್ಕಿಂತ ಮೂರು ಅಚ್ಚು ಹೆಚ್ಚಿಗೇ ತಂದಿದ್ದ. ಅಂತಹ ಸೇವೆಗೆ ಜನ ಸೇರಿಯೇ ಸೇರುತ್ತಾರೆ, ಬೆಲ್ಲ ಆಮೇಲೆ ಹಂಚುತ್ತಾರಲ್ಲ. ಜನರ ನಡುವೆ ಡಾಕ್ಟರ್ ನರಸಿಂಹಯ್ಯನವರೂ ಕೊಡೆ ಊರಿಕೊಂಡು ನಿಂತಿದ್ದರು.

ಒಂದು ತಟ್ಟೆಗೆ ಬೆಲ್ಲ ಪೇರಿಸಿ ಪೂಜೆ ಮಾಡಿದರು. ಇನ್ನೊಂದಕ್ಕೆ ಕದಿರಪ್ಪ ತಾನೇ ಹತ್ತಿ ಕೂತ. ಹಿಂದಿನ ವರ್ಷಗಳಲ್ಲಿ ಅವನನ್ನು ಎತ್ತಿ ಇಡಲು ಇಬ್ಬರು ಬೇಕಾಗಿತ್ತು. ಕೊಂಡಪ್ಪ ಹಗ್ಗ ಬಿಟ್ಟ.

ಬೆಲ್ಲ ಧೊಪ್ಪನೆ ನೆಲ ಮುಟ್ಟಿತು. ಕದಿರಪ್ಪ ಮೇಲಕ್ಕೆ ಹೋದ. ಹೋದವನು ಅಲ್ಲೇ ಕೂತು ಕಾಲು ಆಡಿಸತೊಡಗಿದ.

ಕೊಂಡಪ್ಪ ಮೆಲ್ಲಗೆ ಒಂದು ಅಚ್ಚು ತೆಗೆಯಲು ಕೈ ಚಾಚಿದ. "ಮುಟ್ಬೇಡಪ್ಪೋ!" ಅಂದರು ಪೂಜಾರಿ. "ಪೂಜೆಯಾದ ಮೇಲೆ ತಕ್ಕಡಿಯಿಂದ ಇಳಿಸಿದರೆ ಸ್ವಾಮಿಗೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ."

"ಹಂಗಾದ್ರೆ ಹುಡುಗನ ಕಡೆಗೇ ಏನಾರ ಹಾಕ್ಬೇಕು," ಅಂದ ಕೊಂಡಪ್ಪ. ಮಂಡಿಯವನಿಗೆ ತಕ್ಕಡಿ ಸಮ ಮಾಡುವುದು ಹೊಸದಲ್ಲ. ಅರ್ಧ ಮಣದ ತೂಕದ ಕಲ್ಲನ್ನು ತರಿಸಿ ಕದಿರಪ್ಪನ ತೊಡೆಯ ಮೇಲೆ ಇಡಿಸಿದ. ತಕ್ಕಡಿ ಅಲ್ಲಾಡಿತು, ಇಳಿಯಲಿಲ್ಲ. ಇನ್ನೊಂದು ತರಿಸಿದ.

ಪೆದ್ದಮ್ಮ ಸೊಸೆಯ ಕಡೆ ತಿರುಗಿದಳು. ಅವಳ ಬಾಯಿ ತೆರೆದಿತ್ತು, ಏನು ಬರಲಿದೆ ಅಂತ ಶಿವಲಕ್ಷ್ಮಮ್ಮನಿಗೆ ಗೊತ್ತಿತ್ತು. ಅಷ್ಟರಲ್ಲಿ ಉಡುಸಲಮ್ಮ ಎಷ್ಟೋ ವರ್ಷಗಳ ಮೇಲೆ ನಕ್ಕಳು.

"ಏನತ್ತೆ, ಕಲ್ಯಾಣದುರ್ಗದಾಗೆ ಊಟಕ್ಕೆ ಕಷ್ಟ ಆಗೋಯ್ತಾ? ಒಂದು ಮಾತು ಹೇಳಿದ್ರೆ ನಾವು ಇಲ್ಲಿಂದ್ಲೇ ಕಳಿಸ್ತಿರ್ಲಿಲ್ವಾ?"

ಸುತ್ತಲಿನವರು ನಕ್ಕರು. ಪೆದ್ದಮ್ಮನ ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಅದು ಸೊಸೆಯ ಕಡೆಗಿರಲಿಲ್ಲ.

"ಊಟಕ್ಕೆ ಕಷ್ಟವಾ? ಯಾರ ಮ್ಯಾಲೆ ಮಾತಾಡ್ತಾ ಇದ್ದೀಯಮ್ಮಿ? ಮಗ ಸೊರಗಿಲ್ಲ, ಹರಕೆ ಮಾಡ್ತಾ ಅವ್ನೆ! ವೆಂಕಟ್ರಮಣ ಖುದ್ದಾಗಿ ನಮ್ಮನೆ ಸೊಸೆ ಕನಸಿಗೆ ಬಂದು ಕಾರ್ತೀಕದ ಗಂಟ ಮಾಡ್ಸು ಅಂತ ಕೇಳ್ದ. ನಿಮ್ಮನೆಗೆ ಯಾವತ್ತಾದ್ರೂ ಬಂದವ್ನಾ?"

"ಬಂದಿಲ್ಲಪ್ಪ," ಅಂದಳು ಉಡುಸಲಮ್ಮ. "ಆದ್ರೆ ಹರಕೆ ಅಂತೂ ಕಾರ್ತೀಕಕ್ಕೆ ಮುಗೀತಲ್ಲ. ಇನ್ನಾದ್ರೂ ಮಗೀಗೆ ಅನ್ನ ಹಾಕಿ."

"ಮುಗೀತು ಅಂತ ಯಾರು ಹೇಳಿದ್ದು?" ಪೆದ್ದಮ್ಮ ಗುಡಿಯ ಕಡೆ ತಿರುಗಿ, ಅಂಗಳಕ್ಕೆಲ್ಲಾ ಕೇಳುವ ಹಾಗೆ, ಎರಡೂ ಕೈ ಎತ್ತಿದಳು. "ಇನ್ನೂ ಎಲ್ಡು ವರ್ಷ ಮಾಡಿಸ್ತೀನಿ! ಸ್ವಾಮೀ, ನೀನೇ ಸಾಕ್ಷಿ! ನನ್ನ ಮಗ ಬರಿಗಾಲಾಗೆ ನಡೀತಾನೆ, ಬೇಡ್ಕಂಡು ಉಣ್ತಾನೆ! ನೋಡ್ಲಿ ಎಲ್ರೂ!"

"ಗೋವಿಂದಾ!" ಅಂದಿತು ಜನ. ಅವರಿಗೆ ಬೆಲ್ಲದ ಅವಸರ.

ಎರಡನೇ ಕಲ್ಲು ತೊಡೆಗೆ ಬಿದ್ದು ತಕ್ಕಡಿ ಸಮವಾಯಿತು. ಪೂಜಾರಿ ಹುಡುಗನಿಗೂ ಕಲ್ಲಿಗೂ ಸೇರಿಸಿ ಮಂಗಳಾರತಿ ಎತ್ತಿದರು. ಡಾಕ್ಟರು ಶಿವಲಕ್ಷ್ಮಮ್ಮನ ಪಕ್ಕಕ್ಕೆ ಬಂದು, "ಈ ಹರಕೆ ಬರೆದುಕೊಟ್ಟ ಡಾಕ್ಟರು ಯಾರಮ್ಮ?" ಅಂತ ಮೆಲ್ಲಗೆ ಕೇಳಿದರು. ಅವಳು ಗುಡಿಯೊಳಗೆ ಕೈ ತೋರಿಸಿದಳು. "ಫೀಸು ಜಾಸ್ತಿ ಅವರದು," ಅಂದರು ಡಾಕ್ಟರು, ಬೆಲ್ಲದ ರಾಶಿಯನ್ನು ನೋಡುತ್ತಾ.

ಆರತಿ ಮುಗಿದದ್ದೇ ತಡ, ಕದಿರಪ್ಪ ಕಲ್ಲುಗಳನ್ನು ಪಕ್ಕಕ್ಕೆ ತಳ್ಳಿ ಧುಮುಕಿದ. ಬೆಲ್ಲದ ತಟ್ಟೆ ನೆಲಕ್ಕೆ ಅಪ್ಪಳಿಸಿ ಅಚ್ಚುಗಳು ಒಡೆದು ಚೆದುರಿದವು. ಜನ ಬಗ್ಗಿದರು. ಅವನು ಹೇಳಿಸಿಕೊಳ್ಳದೆ ಗುಡಿಯ ಸುತ್ತ ಓಡಿದ. ಒಂದು ಸುತ್ತು ಬಂದು ಅಮ್ಮನ ಮುಂದೆ ನಿಂತ. ಏದುಸಿರಿತ್ತು, ಆದರೆ ಬಾಯಿ ಮುಚ್ಚಿತ್ತು, ತುಟಿ ಕೆಂಪಗಿತ್ತು. ಶಿವಲಕ್ಷ್ಮಮ್ಮ ಅವನ ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಇನ್ನೂ ದಪ್ಪ ಹುಡುಗನೇ. ಎರಡು ವರ್ಷ ಸಿಕ್ಕಿತ್ತು.

ವಾಪಸು ಬಸ್ಸಿನಲ್ಲಿ ಪೆದ್ದಮ್ಮ ಪೆನುಕೊಂಡದ ತನಕ ಉಡುಸಲಮ್ಮನನ್ನು ಬೈದಳು. ಬೈದು ಸುಸ್ತಾದ ಮೇಲೆ, ತಾನು ಎರಡು ವರ್ಷಕ್ಕೆ ಒಪ್ಪಿಕೊಂಡದ್ದೇನು ಅಂತ ಹೊಳೆದಿರಬೇಕು. ಆಮೇಲೆ ಸೊಸೆ ಕಿಟಕಿಯ ಕಡೆ ನೋಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು, ಸೆರಗಿನ ಗಂಟು ಬಿಚ್ಚಿ ಮುಷ್ಟಿಗಾತ್ರದ ಪ್ರಸಾದದ ಬೆಲ್ಲವನ್ನು ಮೊಮ್ಮಗನ ಕೈಗೆ ತುರುಕಿದಳು.

"ತಿನ್ನು ಬಂಗಾರು ಕೊಂಡ. ಬಸ್ನಾಗೆ ತಿಂದ್ರೆ ಹರಕೆ ಕೆಡಲ್ಲ."

ಕದಿರಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ಚಡ್ಡಿಯ ಜೇಬಿಗಿಳಿಸಿದ. ಚಡ್ಡಿಯಲ್ಲಿ ಈಗ ಬೇಕಾದಷ್ಟು ಜಾಗವಿತ್ತು. ಅಮ್ಮ ನೋಡಿದ್ದು ಕಂಡು ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

"ದಾಸಣ್ಣಂಗೆ. ಇಷ್ಟು ಕೊಟ್ರೆ ನಾಳೆ ದಾಂಡು ನಂಗೇ ಕೊಡ್ಬೇಕು."

ಶಿವಲಕ್ಷ್ಮಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು. ಪೆದ್ದಮ್ಮ ಮೊಮ್ಮಗನ ಖಾಲಿ ಕೈಯನ್ನು ತಡವಿ ನೋಡಿ, ಮಗು ಎಲ್ಲಾ ತಿಂದಿತು ಅಂತ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.